ದೀಪದ ಹೊತ್ತಿನಲ್ಲಿ ಚುಚ್ಚಿದ ಪಿನ್ನು

ಸ್ವಿಚ್ಚು ಆರಿಸದೆ ಪಿನ್ನು ಚುಚ್ಚುವವರನ್ನು ಕಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆ ಮನೆಯ ಮೈಕ್ ಸೆಟ್ಟಿನವನಾಗಲಿ, ಬ್ಯಾಂಕಿನಲ್ಲಿ ಪ್ರಿಂಟರಿನ ವೈರು ಕಿತ್ತು ಮತ್ತೆ ಸಿಕ್ಕಿಸುವ ಗುಮಾಸ್ತನಾಗಲಿ, ನನ್ನ ಬಾಯಿ ಸುಮ್ಮನಿರುವುದಿಲ್ಲ. ಮೊದಲು ಆರಿಸಪ್ಪ, ಆಮೇಲೆ ಹಾಕು ಎಂದುಬಿಡುತ್ತೇನೆ. ಈ ಮುದುಕಿಗೇನು ಗೊತ್ತು ಎನ್ನುವ ಹಾಗೆ ನೋಡಿ, ‘ಈಗಿನವಕ್ಕೆ ಏನೂ ಆಗಲ್ಲಮ್ಮ’ ಎನ್ನುತ್ತಾರೆ. ಏನೂ ಆಗುವುದಿಲ್ಲ, ಹೌದು. ಏನೂ ಆಗದ ಹಾಗೆ ಮಾಡುವುದಕ್ಕೆ ಎಲ್ಲೆಲ್ಲೋ ಯಾರ್ಯಾರೋ ಕೂತು ತಲೆ ಕೆಡಿಸಿಕೊಂಡಿದ್ದಾರೆ. ಕೊಡಿಗೇನಹಳ್ಳಿಯಲ್ಲಿ ಅಕ್ಕಸಾಲಿಗರ ಅರ ಹಿಡಿದು ಕೂತಿದ್ದ ನಾನೂ ಅವರಲ್ಲಿ ಒಬ್ಬಳು. ಅದರಿಂದ ನನಗೆ ಸಿಕ್ಕಿದ್ದೇನು ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮದು ಸಿರಾ ತಾಲ್ಲೂಕಿನ ಗೌಡಗೆರೆ ಕಡೆಯ ಒಂದು ಹಟ್ಟಿ. ಅಪ್ಪ ಕುರಿ ಮೇಯಿಸುತ್ತಿದ್ದ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಟ್ರಾನ್ಸಿಸ್ಟರು. ಆ ಟ್ರಾನ್ಸಿಸ್ಟರು ಕೆಟ್ಟಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಹಿಂಬದಿ ಬಿಚ್ಚಿ, ಕಿತ್ತುಹೋಗಿದ್ದ ವೈರನ್ನು ಒಲೆಯಲ್ಲಿ ಕಾಯಿಸಿದ ಮೊಳೆಯಿಂದ ಅಂಟಿಸಿದ್ದೆ. ಹಾಡು ಬಂತು. ಅವತ್ತಿನಿಂದ ಅಪ್ಪನಿಗೆ ನನ್ನ ಬಗ್ಗೆ ಹೆಮ್ಮೆಯೂ ಹುಟ್ಟಿತು, ದಿಗಿಲೂ ಹುಟ್ಟಿತು. ಹತ್ತನೆಯದು ಮುಗಿದ ಮೇಲೆ ತುಮಕೂರಿನಲ್ಲಿ ಎರಡು ವರ್ಷ ರೇಡಿಯೊ ರಿಪೇರಿ ಕಲಿತೆ. ಇಡೀ ಕ್ಲಾಸಿಗೆ ನಾನೊಬ್ಬಳೇ ಹೆಂಗಸು. ಕಲಿತದ್ದಕ್ಕೆ ಮಧುಗಿರಿಯಲ್ಲಿ ರೇಷ್ಮೆ ಬೆಳೆಗಾರರ ಒಂದು ಸಂಘದಲ್ಲಿ ದಿನಗೂಲಿಯ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುಭಾಗ ಅದು. ಕಳಿಸಿಕೊಡುವಾಗ ಅಪ್ಪ ಒಂದು ಮಾತು ಹೇಳಿದ್ದ.

“ಮುಂದ್ಲ ಯುಗಾದಿ ಗಂಟ ನೋಡಾನ. ಖಾಯಮ್ ಆದ್ರೆ ನಿನ್ನಿಷ್ಟ ಕಣವ್ವ. ಆಗ್ಲಿಲ್ಲಾಂದ್ರೆ ನಮ್ಮಿಷ್ಟ.”

ಅವರ ಇಷ್ಟ ಏನೆಂದು ನನಗೆ ಗೊತ್ತಿತ್ತು. ಸೋದರಮಾವನ ಮಗ ಹಟ್ಟಿಯಲ್ಲೇ ಇದ್ದ. ಹುಡುಗ ಒಳ್ಳೆಯವನೇ. ಆದರೆ ಮದುವೆಯಾದ ಮೇಲೆ ಹಟ್ಟಿ ಬಿಟ್ಟು ಕೆಲಸಕ್ಕೆ ಹೋಗುವ ಮಾತೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಕೆಲಸ. ಖಾಯಂ ಅನ್ನುವ ಎರಡಕ್ಷರದ ಮೇಲೆ ನನ್ನ ಇಡೀ ಬದುಕು ನಿಂತಿತ್ತು.

ಸಂಘಕ್ಕೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿನಲ್ಲೂ ಒಂದೊಂದು ಮೊಟ್ಟೆ ಮನೆ ಇತ್ತು. ರೇಷ್ಮೆ ಹುಳದ ಮೊಟ್ಟೆ ಸಾಸಿವೆಗಿಂತ ಸಣ್ಣದು, ಹಾಳೆಗೆ ಅಂಟಿಕೊಂಡಿರುತ್ತದೆ. ಹತ್ತು ಹನ್ನೊಂದು ದಿನ ಒಂದೇ ಹದದ ಬಿಸಿಯಲ್ಲಿಟ್ಟರೆ ಎಲ್ಲವೂ ಒಂದೇ ಬೆಳಗ್ಗೆ ಒಡೆಯುತ್ತವೆ. ಬಿಸಿ ಏರುಪೇರಾದರೆ ಕೆಲವು ಇವತ್ತು, ಕೆಲವು ನಾಡಿದ್ದು, ಕೆಲವು ಒಡೆಯುವುದೇ ಇಲ್ಲ. ಬೆಳೆಗಾರರು ಆ ದಿನಕ್ಕೆ ಸರಿಯಾಗಿ ಎಳೆ ಸೊಪ್ಪು ಬರುವ ಹಾಗೆ ಹಿಪ್ಪುನೇರಳೆ ಕಡ್ಡಿ ಸವರಿಕೊಂಡು ಕಾದಿರುತ್ತಾರೆ. ಮೊದಲೆಲ್ಲ ಚಳಿಗಾಲ ಬಂತೆಂದರೆ ಇದ್ದಿಲ ಒಲೆ ಇಟ್ಟು, ಗೋಡೆಯ ಥರ್ಮಾಮೀಟರು ನೋಡುತ್ತ ಕೂರುತ್ತಿದ್ದರು. ಸಂಘದ ಕಾರ್ಯದರ್ಶಿಗೆ ಹೊಸದೆಂದರೆ ಆಸೆ. “ತಾನೇ ಬಿಸಿ ನೋಡ್ಕೊಂಡು ತಾನೇ ಹೀಟರು ಹಾಕಿ ತೆಗೆಯೋ ಅಂಥ ಪೆಟ್ಟಿಗೆ ಮಾಡ್ತೀಯೇನಮ್ಮ?” ಎಂದು ಕೇಳಿದರು. ಮಾಡುತ್ತೇನೆ ಎಂದೆ. ನಾಲ್ಕು ಕಡೆಯೂ ಒಂದು ವರ್ಷ ಸರಿಯಾಗಿ ನಡೆದರೆ ಖಾಯಂ ಮಾಡಿಸುತ್ತೇನೆ ಎಂದು ಅವರು ಮಾತು ಕೊಟ್ಟರು.

ಪೆಟ್ಟಿಗೆಯ ಜೀವ ಒಂದು ಐಸಿ. ಮೂರು ಕಾಲಿನ, ಅವರೆಕಾಳಿನಷ್ಟು ದಪ್ಪದ ಕರಿ ತುಂಡು. ಈಗಿನವರು ಸೆನ್ಸರ್ ಚಿಪ್ ಎನ್ನುತ್ತಾರೆ. ಕೊಠಡಿ ಎಷ್ಟು ಬಿಸಿಯಿದೆ ಅನ್ನುವುದನ್ನು ಅದು ಕರೆಂಟಿನ ಲೆಕ್ಕದಲ್ಲಿ ಹೇಳುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ತಂದು, ಹಿತ್ತಾಳೆಯ ಸಣ್ಣ ಕೊಳವೆಯಲ್ಲಿ ಕೂರಿಸಿ, ಉದ್ದದ ವೈರು ಹಾಕಿದ್ದೆ. ವೈರಿನ ತುದಿಗೆ ಟೇಪ್‌ರೆಕಾರ್ಡರಿನ ಹೆಡ್‌ಫೋನಿಗಿರುವಂಥ ಪಿನ್ನು. ಪೆಟ್ಟಿಗೆಯಲ್ಲಿ ಅದು ಕೂರುವ ತೂತು, ಒಂದು ಸ್ವಿಚ್ಚು, ಸ್ವಿಚ್ಚು ಹಾಕಿದರೆ ಉರಿಯುವ ಒಂದು ಕೆಂಪು ದೀಪ. ದೀಪ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ದೀಪ ಉರಿಯದ ಯಂತ್ರವನ್ನು ನಮ್ಮ ಜನ ನಂಬುವುದಿಲ್ಲ ಎಂದು ಹಾಕಿದ್ದೆ.

ಆ ಪಿನ್ನಿನದೇ ಒಂದು ಕಾಟ. ಅದರ ಮೈಮೇಲೆ ಮೂರು ಬಳೆ ಇರುತ್ತವೆ, ಒಂದೊಂದು ಬಳೆಗೆ ಐಸಿಯ ಒಂದೊಂದು ಕಾಲು. ಒಳಗೆ ಜಾರುವಾಗ ತುದಿಯ ಬಳೆ ತೂತಿನೊಳಗಿನ ತನ್ನದಲ್ಲದ ತಗಡಿನ ಪಟ್ಟಿಗಳನ್ನು ಮುಟ್ಟಿಕೊಂಡೇ ತನ್ನ ಜಾಗಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲಿ ಪೆಟ್ಟಿಗೆ ಚಾಲೂ ಇದ್ದರೆ ಹನ್ನೆರಡು ವೋಲ್ಟು ಹೋಗಬಾರದ ಕಾಲಿಗೆ ಹೋಗಿ ಐಸಿ ಸತ್ತುಹೋಗುತ್ತದೆ. ಹೊಗೆಯಿಲ್ಲ, ಸದ್ದಿಲ್ಲ. ಇದು ನನಗೆ ಗೊತ್ತಿತ್ತು. ಅದಕ್ಕೇ ನಾಲ್ಕು ಪೆಟ್ಟಿಗೆಯ ಮೇಲೂ ಚೀಟಿ ಅಂಟಿಸಿದ್ದೆ: ‘ಮೊದಲು ಸ್ವಿಚ್ಚು ಆರಿಸಿ. ಆಮೇಲೆ ಪಿನ್ನು.’ ಬಾಯಲ್ಲೂ ಹೇಳಿ ಹೇಳಿ ಎಲ್ಲರಿಗೂ ಬೇಸರ ಬರಿಸಿದ್ದೆ.

ಮಧುಗಿರಿ ತಾಲ್ಲೂಕಿನ ಮೊಟ್ಟೆ ಮನೆ ಇದ್ದದ್ದು ಕೊಡಿಗೇನಹಳ್ಳಿಯಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವಳು ಪಾವಗಡದ ಕಡೆಯವಳು, ಖಾಯಂ ನೌಕರಳು, ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಪಾವಗಡದಲ್ಲಿದ್ದ. ಅವನ ಏಟು ತಾಳಲಾರದೆ ಬಂದುಬಿಟ್ಟವಳು. ಕೆಲಸ ಒಂದಿದೆ ಎಂದು ಅವಳು ಬೇರೆ ಊರಲ್ಲಿ ತಲೆಯೆತ್ತಿಕೊಂಡು ಇದ್ದಳು. ಮೊಟ್ಟೆ ಮನೆಯ ಹಿಂದಿನ ಒಂದೇ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಅವಳ ಮನೆಮಾತು ತೆಲುಗು, ನನ್ನನ್ನು ‘ಅಮ್ಮಾಯಿ’, ಅಂದರೆ ಹುಡುಗಿ, ಎನ್ನುತ್ತಿದ್ದಳು. ಕಾರ್ಯದರ್ಶಿಗೆ ಮೊದಲ ಪೆಟ್ಟಿಗೆ ತೋರಿಸುವ ದಿನ ನಾನು ಉಟ್ಟುಕೊಂಡು ಹೋದದ್ದು ಅವಳ ಹಸಿರು ಸೀರೆ. ಟೈಫಾಯ್ಡ್ ಬಂದು ಮೂರು ವಾರ ಮಲಗಿದಾಗ ತಲೆ ಬಾಚಿದವಳು, ಗಂಜಿ ಕುಡಿಸಿದವಳು, ಬೇಡ ಎಂದರೂ ಬೈದು ಬೈದು ಕುಡಿಸಿದವಳು ಅವಳೇ. ಅವಳ ಕಡಲೇಬೀಜದ ಚಟ್ನಿಯ ರುಚಿ ನನ್ನ ಅವ್ವನ ಕೈಗೂ ಇರಲಿಲ್ಲ. ಇದನ್ನೆಲ್ಲ ಬರೆಯದೆ ಮುಂದಿನದನ್ನು ಬರೆದರೆ ನಾನೂ ಸುಳ್ಳಿಯಾಗುತ್ತೇನೆ.

ದಿನಾ ಸಂಜೆ ಅಕ್ಕ ಮೊಟ್ಟೆ ಮನೆಯ ನೆಲ ಒರೆಸುತ್ತಿದ್ದಳು. ವೈರು ಕಾಲಿಗೆ ಸಿಕ್ಕುತ್ತದೆ ಎಂದು ಸ್ವಿಚ್ಚು ಆರಿಸಿ, ಪಿನ್ನು ತೆಗೆದು, ವೈರನ್ನು ಸುತ್ತಿ ಗೂಡಿನಲ್ಲಿ ಇಡುತ್ತಿದ್ದಳು. ನೆಲ ಆರಿದ ಮೇಲೆ ಪಿನ್ನು ಹಾಕಿ ಸ್ವಿಚ್ಚು ಒತ್ತುತ್ತಿದ್ದಳು. ಆಮೇಲೆ ದೇವರ ಪಟದ ಮುಂದೆ ದೀಪ. ಶುಕ್ರವಾರ ನನ್ನ ಪೆಟ್ಟಿಗೆಗೂ ಒಂದು ಬೊಟ್ಟು ಕುಂಕುಮ. “ಇದೂ ನಮ್ಗೆ ಅನ್ನ ಹಾಕ್ತದಲ್ಲಮ್ಮ” ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಕುಂಕುಮದ ಪುಡಿ ತೂತಿಗೆ ಬೀಳದಿದ್ದರೆ ಸಾಕು ಎಂದು ರೇಗಿಸುತ್ತಿದ್ದೆ.

ಸಂಕ್ರಾಂತಿ ಕಳೆದು ಹದಿನೈದು ದಿನ ಆಗಿತ್ತು. ವರ್ಷ ತುಂಬುವುದಕ್ಕೆ ಇನ್ನೊಂದೂವರೆ ತಿಂಗಳಿತ್ತು. ಕೊರಟಗೆರೆಯ ಪೆಟ್ಟಿಗೆ ನೋಡುವುದಕ್ಕೆಂದು ಶುಕ್ರವಾರ ಹೋಗಿ ಅಲ್ಲೇ ಉಳಿದು, ಶನಿವಾರ ಬೆಳಗ್ಗೆ ಹತ್ತರ ಬಸ್ಸಿಗೆ ಕೊಡಿಗೇನಹಳ್ಳಿಯಲ್ಲಿ ಇಳಿದೆ. ಅಕ್ಕ ಮೊಟ್ಟೆ ಮನೆಯ ಹೊಸ್ತಿಲಲ್ಲಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಬಾಗಿಲು ಕಿಟಕಿ ಎಲ್ಲ ತೆರೆದಿತ್ತು. ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಹಾಳೆ ಎತ್ತಿ ನೋಡಿದೆ. ಇನ್ನೆರಡು ದಿನಕ್ಕೆ ಒಡೆಯಬೇಕಿದ್ದ ಮೊಟ್ಟೆಗಳು ಒಳಕ್ಕೆ ಕುಸಿದು, ಬಣ್ಣಗೆಟ್ಟು, ಒಣಗಿಹೋಗಿದ್ದವು. ಐ.ಡಿ.ಹಳ್ಳಿಯವರೆಗೆ ಎಷ್ಟೋ ಮನೆಗಳಲ್ಲಿ ಅದಕ್ಕಾಗಿ ಸೊಪ್ಪು ಕಾದಿತ್ತು.

ಮೀಟರು ತಂದು ಐಸಿಯ ಕಾಲುಗಳಿಗೆ ಹಿಡಿದೆ. ಸತ್ತಿತ್ತು. ಐಸಿ ಸತ್ತರೆ ಪೆಟ್ಟಿಗೆಗೆ ಕೊಠಡಿ ತಣ್ಣಗಿದೆ ಎಂದೇ ಕಾಣುತ್ತದೆ, ಹೀಟರು ಬೆಳಗಿನವರೆಗೂ ಉರಿದೇ ಉರಿದಿದೆ. ಅಕ್ಕ ಎದ್ದು ಬಂದು ಬಾಗಿಲು ಮುಂದಕ್ಕೆ ಹಾಕಿದಳು.

“ಅಮ್ಮಾಯಿ, ನಿನ್ನೆ ಒಡಲು ಸರಿ ಇರ್ಲಿಲ್ಲ. ನೆಲ ಒರ್ಸೋದು ಲೇಟಾಗೋಯ್ತು. ಒರ್ಸಿ ಮುಗ್ಸೋ ಹೊತ್ಗೆ ದೀಪದ ಹೊತ್ತು. ದೇವರ ದೀಪ ಹಚ್ಬುಟ್ಟೆ. ಆಮೇಲೆ ನೋಡ್ತೀನಿ, ನಿನ್ನ ಪಿನ್ನು ಹಾಕೇ ಇಲ್ಲ. ಪೆಟ್ಗೆ ಸ್ವಿಚ್ಚು ಆಗ್ಲೇ ಒತ್ತಿದ್ದೆ, ಕೆಂಪು ದೀಪ ಉರೀತಿತ್ತು.”

“ಆರ್ಸಿ ಹಾಕ್ಬೇಕಿತ್ತು ಕಣಕ್ಕ. ಎಷ್ಟ್ ಸತಿ ಹೇಳಿದ್ದೆ.”

“ಶುಕ್ರವಾರ ಕಣಮ್ಮ. ದೀಪ ಹಚ್ಚೋ ಹೊತ್ನಾಗೆ, ಕುಂಕುಮ ಇಟ್ಟ ದೀಪ, ಹೆಣ್ಣೆಂಗ್ಸು ಕೈಯಾರೆ ಹೆಂಗಮ್ಮ ಆರ್ಸೋದು? ಒಂದ್ ಚಣ ತಾನೆ, ಏನಾಯ್ತದೆ ಅಂತ ಮೆಲ್ಲಗೆ ಚುಚ್ದೆ.”

ನಮ್ಮ ಕಡೆ ದೀಪ ಆರಿಸು ಎಂದು ಬಾಯಲ್ಲೂ ಆಡುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ನಮ್ಮ ಅವ್ವ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಳು. ಚೀಟಿ ಬರೆಯುವಾಗ ಇದು ನನ್ನ ತಲೆಗೇ ಹೋಗಿರಲಿಲ್ಲ. ಹಾಗಾಗಿ ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಂದೊಮ್ಮೆ ಮೊಟ್ಟೆಯ ಒಂದು ತಂಡ ಕೆಟ್ಟಾಗಲೇ ಕಾರ್ಯದರ್ಶಿ ಅವಳಿಗೆ ಎಚ್ಚರಿಕೆ ಕೊಟ್ಟಿದ್ದರು: ಇನ್ನೊಂದು ಸಲ ಹೀಗಾದರೆ ಪಾವಗಡಕ್ಕೆ ವರ್ಗ. ಅಲ್ಲಿ ಗಂಡನ ಮನೆಯ ಬೀದಿಯಲ್ಲೇ ಸಂಘದ ಕಟ್ಟಡ.

“ನನ್ನ ಹೆಸ್ರು ಹೇಳ್ಬ್ಯಾಡ ತಲ್ಲೀ. ನಿನ್ನ ಕಾಲಿಗ್ ಬೀಳ್ತೀನಿ. ಅವನ ಕಣ್ಮುಂದೆ ಹೋಗಿ ಬಿದ್ರೆ ನನ್ನ ಕೊಂದೇ ಹಾಕ್ತಾನೆ.”

ನನಗಿಂತ ದೊಡ್ಡವಳು ಕಾಲಿಗೆ ಬೀಳುತ್ತೇನೆ ಎಂದರೆ ನಾನೇನು ಮಾಡಲಿ? ಇಬ್ಬರೂ ಅತ್ತೆವು. ಅವಳ ಎದುರಿಗೇ ಕೂತು ವರದಿ ಬರೆದೆ: ‘ಐಸಿ ಸುಟ್ಟಿದೆ. ಕಾರಣ ತಿಳಿದುಬಂದಿಲ್ಲ.’ ಕೆಳಗೆ ನನ್ನ ಸಹಿ. ಒಂದು ಐಸಿ ಯಾಕೋ ಕೆಟ್ಟಿತು ಅನ್ನುವುದಕ್ಕೆ ಯಾರೂ ನನ್ನ ಕುತ್ತಿಗೆ ಹಿಡಿಯಲಾರರು ಎಂದುಕೊಂಡೆ. ಬಾಕಿ ಮೂರು ಪೆಟ್ಟಿಗೆ ಚೆನ್ನಾಗಿಯೇ ನಡೆಯುತ್ತಿದ್ದವು. ಮೂರ್ಖಳು ನಾನು.

ಮೊಟ್ಟೆ ಹಾಳಾದದ್ದರ ಬಗ್ಗೆ ಸಂಘ ಕರೆದ ವಿಚಾರಣೆಯ ಸಭೆಗೆ ಹತ್ತು ದಿನ ಇತ್ತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಯಾರು, ಯಾವ ಹೊತ್ತಿನಲ್ಲಿ, ಯಾವ ದೇವರ ಭಯಕ್ಕೆ ಹೇಗೆ ಚುಚ್ಚಿದರೂ ಐಸಿ ಸಾಯಬಾರದು, ಅಂಥ ಪಿನ್ನು ಮಾಡಬೇಕು ಎಂದು ಹಟ ಹಿಡಿದೆ. ಅಕ್ಕ ಮತ್ತೆಂದೂ ಹಾಗೆ ಹೆದರಿ ಕೂರಬಾರದು ಅನ್ನುವುದೇ ನನ್ನ ತಲೆಯಲ್ಲಿ ಇದ್ದದ್ದು.

ದಾರಿ ಹೊಳೆದದ್ದು ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ನೋಡಿ. ಗೋಡೆಗೆ ಹಾಕುವ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದ. ಅದು ನೆಲದ ಕಡ್ಡಿ, ಅರ್ಥಿಂಗು. ಹಾಕುವಾಗ ಎಲ್ಲಕ್ಕಿಂತ ಮೊದಲು ತಗಲುತ್ತದೆ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ನನ್ನ ಐಸಿಗೂ ಅಷ್ಟೇ ಬೇಕಾಗಿದ್ದದ್ದು. ಅದರ ನೆಲದ ಕಾಲು ಮೊದಲು ಕೂತುಕೊಂಡರೆ ಆಮೇಲೆ ಬರುವ ವೋಲ್ಟು ಅಡ್ಡದಾರಿ ಹಿಡಿಯುವುದಿಲ್ಲ. ಇಸ್ತ್ರಿ ಪ್ಲಗ್ಗನ್ನೇ ಹಾಕಿಬಿಡೋಣ ಅನ್ನಿಸಿತು. ಆಮೇಲೆ, ಯಾರಾದರೂ ಅದನ್ನು ತೆಗೆದು ನೇರ ಗೋಡೆಗೆ ಚುಚ್ಚಿದರೆ ಏನು ಗತಿ ಎಂದು ನೆನೆದು ಬೆವತೆ. ನಮ್ಮವರು ಚುಚ್ಚದೆ ಬಿಡುವವರಲ್ಲ.

ಹಳೆಯ ರೇಡಿಯೊಗ್ರಾಮಿನಿಂದ ಐದು ಕಡ್ಡಿಯ ದುಂಡನೆಯ ಪಿನ್ನು ಕಿತ್ತೆ. ಮಧುಗಿರಿಯ ಅಕ್ಕಸಾಲಿಗರೊಬ್ಬರ ಹತ್ತಿರ ಮೂಗುತಿ ತಿದ್ದುವ ಸಣ್ಣ ಅರವನ್ನು ಇಸಿದುಕೊಂಡೆ. ನೆಲದ ಕಡ್ಡಿಯೊಂದನ್ನು ಹಾಗೇ ಬಿಟ್ಟು, ಉಳಿದವನ್ನು ಅರ್ಧ ರಾಗಿಕಾಳಿನಷ್ಟು ತೇಯ್ದೆ. ವೋಲ್ಟಿನ ಕಡ್ಡಿಯನ್ನು ಇನ್ನೂ ಒಂಚೂರು. ಹೆಚ್ಚು ತೇಯ್ದರೆ ತಗಲುವುದಿಲ್ಲ, ಕಡಿಮೆ ತೇಯ್ದರೆ ತೇಯ್ದೂ ಪ್ರಯೋಜನವಿಲ್ಲ. ಮೂರು ಪಿನ್ನು ಹಾಳಾದವು, ನಾಲ್ಕನೆಯದು ಕೂತಿತು. ಅದರ ಮೇಲೂ ನಂಬಿಕೆ ಸಾಲದೆ ಪ್ರತಿ ವೈರಿಗೂ ಒಂದು ಸಣ್ಣ ರೆಸಿಸ್ಟರು ಹಾಕಿದೆ, ಕರೆಂಟು ನುಗ್ಗಿ ಬರದಿರಲೆಂದು. ಮೀರಿ ಬಂದದ್ದು ಐಸಿಯ ಹೊರಗೇ ಹರಿದುಹೋಗಲೆಂದು ಎರಡು ಡಯೋಡು ಹಾಕಿದೆ. ಐಸಿ ಸತ್ತರೆ ಹೀಟರೇ ನಿಂತುಹೋಗುವ ಏರ್ಪಾಡನ್ನೂ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಪರೀಕ್ಷೆ ಮಾಡಿದ್ದು ನಮ್ಮ ಕೋಣೆಯಲ್ಲೇ, ಭಾನುವಾರ ಮಧ್ಯಾಹ್ನ. ಕೆಂಪು ದೀಪ ಉರಿಯುತ್ತಿರುವಾಗಲೇ ಪಿನ್ನು ಹಾಕಿ ತೆಗೆ ಎಂದು ಅಕ್ಕನ ಕೈಗೇ ಕೊಟ್ಟೆ.

“ಬ್ಯಾಡಮ್ಮ, ಇದೂ ಸತ್ರೆ?”

“ಹಾಕಕ್ಕ. ಸತ್ರೆ ಇನ್ನೊಂದೈತೆ.”

ಹಾಕಿದಳು. ತೆಗೆದಳು. ಪ್ರತಿ ಸಲ ನಾನು ಮೀಟರು ನೋಡುತ್ತಿದ್ದೆ, ಐಸಿ ಕೋಣೆಯ ಬಿಸಿಯನ್ನು ತಪ್ಪಿಲ್ಲದೆ ಹೇಳುತ್ತಿತ್ತು. ಹತ್ತಾಯಿತು, ಇಪ್ಪತ್ತಾಯಿತು. ಅಕ್ಕನಿಗೆ ಹುಮ್ಮಸ್ಸು ಬಂತು. ದೇವರ ನಾಮ ಎಣಿಸುವ ಹಾಗೆ ಗಟ್ಟಿಯಾಗಿ ಎಣಿಸತೊಡಗಿದಳು. ನೂರೆಂಟಕ್ಕೆ ನಿಲ್ಲಿಸಿ, “ಈಗ ನಿನ್ನ ಐಸಿಗೆ ಅರ್ಚನೆ ಆಯ್ತು ಬುಡು” ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಬದುಕಿನಲ್ಲಿ ಅಷ್ಟು ಹಗುರಾಗಿ ನಕ್ಕ ಮಧ್ಯಾಹ್ನಗಳು ಕಡಿಮೆ.

ಸಭೆ ಮಧುಗಿರಿಯ ಕಚೇರಿಯಲ್ಲಿ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋದೆವು. ಹೊಸ ಪಿನ್ನಿನ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಕಾರ್ಯದರ್ಶಿಯ ಮೇಜಿನ ಆಚೆ ಇಬ್ಬರು ನಿರ್ದೇಶಕರು ಕೂತಿದ್ದರು, ಇಬ್ಬರೂ ರೇಷ್ಮೆ ಬೆಳೆಗಾರರು. ಮೊಟ್ಟೆ ಹೋದ ಸಿಟ್ಟು ಅವರ ಮುಖದಲ್ಲಿತ್ತು. ಕಾರ್ಯದರ್ಶಿ ನನ್ನ ವರದಿ ಓದಿ, ಕಾರಣ ತಿಳಿಯಲಿಲ್ಲ ಎಂದರೆ ಹೇಗಮ್ಮ ಎಂದರು. ನಾನು ಹೊಸ ಪಿನ್ನು ತೆಗೆದು ತೋರಿಸಿದೆ. ಕಡ್ಡಿಗಳ ಎತ್ತರ, ರೆಸಿಸ್ಟರು, ಡಯೋಡು ಎಲ್ಲ ಬಿಡಿಸಿ ಹೇಳಿದೆ. ಇನ್ನು ಮುಂದೆ ಯಾರು ಹೇಗೆ ಹಾಕಿದರೂ ಐಸಿ ಸಾಯುವುದಿಲ್ಲ ಎಂದೆ. ಹೇಳುವಾಗ ಎದೆ ಉಬ್ಬಿತ್ತು, ಸುಳ್ಳೇಕೆ.

ಕಾರ್ಯದರ್ಶಿ ಅಕ್ಕನ ಕಡೆ ತಿರುಗಿದರು. “ನೀವೇನಮ್ಮ ಹೇಳ್ತೀರಿ? ಅವತ್ತು ಸ್ವಿಚ್ಚು ಆರ್ಸಿ ತಾನೆ ಪಿನ್ನು ಹಾಕಿದ್ದು?”

“ಆರ್ಸೇ ಹಾಕಿದ್ದು ಸಾರ್. ಚೀಟೀಲಿ ಹೆಂಗೈತೋ ಹಂಗೇ. ದಿನಾ ಅಂಗೇ ಮಾಡೋದು.”

ಸರಿ, ಇಷ್ಟು ಸುಳ್ಳು ಹೇಳಲಿ, ಅವಳ ಜೀವದ ಪ್ರಶ್ನೆ ಎಂದುಕೊಂಡು ನಾನು ನೆಲ ನೋಡುತ್ತ ನಿಂತೆ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ.

“ಈ ಹೊಸಾದು ಬಲು ಚೆನ್ನಾಗೈತೆ ಸಾರ್. ದೀಪ ಉರೀತಿರೋವಾಗ್ಲೇ ನಾನೇ ನೂರೆಂಟು ಸತಿ ಹಾಕಿ ತೆಗ್ದೆ. ಏನೂ ಆಗ್ಲಿಲ್ಲ. ಬೇಕಾದ್ರೆ ಇವ್ಳನ್ನೇ ಕೇಳಿ. ಹತ್ತು ದಿನದಾಗೆ ಮಾಡ್ಬುಟ್ಲು. ಇದನ್ನ ಮೊದ್ಲೇ ಮಾಡಿದ್ರೆ ಅಷ್ಟು ಮೊಟ್ಟೆ ಉಳೀತಿದ್ವು. ಹಳೇದ್ರಲ್ಲೇ ಏನೋ ಕೊರತೆ ಇತ್ತು ಅಂತ ಇವ್ಳಿಗೂ ಗೊತ್ತಿತ್ತು ಅಂತ ಕಾಣ್ತದೆ. ಇಲ್ದಿದ್ರೆ ಯಾಕ್ ಬದಲಾಯಿಸ್ತಾಳೆ?”

ನಾನು ತಲೆಯೆತ್ತಿ ನೋಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಹೊಸ ಪಿನ್ನನ್ನು ಕೈಗೆತ್ತಿಕೊಂಡು, ಉದ್ದ ಕಡ್ಡಿ ಯಾವುದು, ಗಿಡ್ಡ ಕಡ್ಡಿ ಯಾವುದು ಎಂದು ನಿರ್ದೇಶಕರಿಗೆ ತೋರಿಸುತ್ತಿದ್ದಳು. ನಾನು ಕಲಿಸಿದ ಹಾಗೇ, ನನ್ನ ಮಾತುಗಳಲ್ಲೇ.

ಆಗ ನನ್ನ ತಾಳ್ಮೆ ಹೋಯಿತು. ಕೊಟ್ಟ ಮಾತೂ ಹೋಯಿತು. “ಅಕ್ಕ, ಶುಕ್ರವಾರ ದೀಪ ಆರ್ಸ್ಬಾರ್ದು ಅಂತ ಹಂಗೇ ಚುಚ್ದೆ ಅಂತ ನೀನೇ ಹೇಳಿದ್ದಲ್ಲ” ಎಂದೆ.

“ನಾನಾ?” ಎಂದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಯಾವಾಗ ಹೇಳ್ದೆ ಅಮ್ಮಾಯಿ?”

ಕಾರ್ಯದರ್ಶಿ ನನ್ನ ವರದಿಯನ್ನು ನನ್ನ ಮುಂದೆಯೇ ತಿರುಗಿಸಿ ಇಟ್ಟರು. “ಕಾರ್ಣ ಗೊತ್ತಿಲ್ಲ ಅಂತ ಬರೆದು ಸಹಿ ಹಾಕಿದ್ದು ನೀನು. ಈಗ ಸಿಕ್ಕಿಬಿದ್ದ ಮೇಲೆ ನಿನಗೆ ಗಂಜಿ ಹಾಕಿದವಳ ತಲೆ ಮೇಲೆ ಗೂಬೆ ಕೂರಿಸ್ತೀಯಾ?”

ಗಂಜಿಯ ವಿಷಯ ಅವರಿಗೆ ಯಾರು ಹೇಳಿದ್ದರೋ. ಅವಳೇ ಇರಬೇಕು, ಯಾವಾಗಲೋ, ಹೆಮ್ಮೆಯಿಂದ. ಜಗಳಕ್ಕೆ ಸದಾ ಸಿದ್ಧವಾಗಿರುವ ನನ್ನ ಬಾಯಿ ಅವತ್ತು ಕೈಕೊಟ್ಟಿತು. ಮೊಟ್ಟೆ ಮನೆಯ ಪೆಟ್ಟಿಗೆಯಲ್ಲಿ ಮೊದಲಿನಿಂದ ದೋಷವಿತ್ತು, ಮಾಡಿದವಳಿಗೆ ಅದು ತಿಳಿದಿತ್ತು ಎಂದು ಬರೆದುಕೊಂಡರು. ನನ್ನ ಕೆಲಸ ಆ ತಿಂಗಳ ಕೊನೆಗೆ ಮುಗಿಯಿತು. ಹೊಸ ಪಿನ್ನನ್ನು ಇಟ್ಟುಕೊಂಡರು. ನಾಲ್ಕು ಕಡೆಯೂ ಅಂಥದ್ದೇ ಹಾಕಿಸುವುದೆಂದೂ, ಬಳಸುವುದು ಹೇಗೆಂದು ಉಳಿದ ಮೂರು ಮೊಟ್ಟೆ ಮನೆಯವರಿಗೆ ಅಕ್ಕ ಹೋಗಿ ತೋರಿಸುವುದೆಂದೂ ಅದೇ ಸಭೆಯಲ್ಲಿ ತೀರ್ಮಾನವಾಯಿತು.

ಮೋಸ ಹೋದದ್ದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಲ್ಲ. ಕಚೇರಿಯ ಮೆಟ್ಟಿಲಿಳಿಯುವಾಗ, ಅವಳು ಬಸ್ಸಿನಲ್ಲಿ ಬರುತ್ತ ದಾರಿಯುದ್ದಕ್ಕೂ ಯಾಕೆ ಒಂದೂ ಮಾತಾಡಿರಲಿಲ್ಲ ಎಂದು ಯೋಚಿಸಿದಾಗ. ಅವಳು ಅದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ನನ್ನ ಭುಜಕ್ಕೆ ಭುಜ ತಾಗಿಸಿ ಕೂತು. ಭಾನುವಾರ ನೂರೆಂಟು ಎಣಿಸುವಾಗಲೇ ಜೋಡಿಸಿಕೊಳ್ಳುತ್ತಿದ್ದಳೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲ ಎಂದು ನಂಬುವುದಕ್ಕೆ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ.

ಸಂಜೆ ಕೋಣೆಗೆ ಬಂದಾಗ ಅವಳು ಮುದ್ದೆ ತಿರುವುತ್ತಿದ್ದಳು. ಎರಡು ತಟ್ಟೆ ಇಟ್ಟಿದ್ದಳು. ನಾನು ಟ್ರಂಕಿಗೆ ಬಟ್ಟೆ ತುಂಬತೊಡಗಿದೆ.

“ಉಣ್ಣು ಬಾ.”

ನಾನು ಇನ್ನೊಂದು ಸೀರೆ ಮಡಿಸಿದೆ.

“ನಿಂಗೇನಮ್ಮ,” ಎಂದಳು, ಮುದ್ದೆ ಕೋಲಿನ ಮೇಲೆ ಕಣ್ಣಿಟ್ಟುಕೊಂಡೇ. “ಕೈಯಾಗೆ ಕಸುಬೈತೆ. ಎಲ್ಲೋದ್ರೂ ಬದುಕ್ತೀಯ. ನಿಮ್ಮಪ್ಪ ಅವ್ನೆ. ನಂಗ್ಯಾರವ್ರೆ ಹೇಳು.”

ಅವಳು ಹೇಳಿದ್ದು ನಿಜ. ಅದಕ್ಕೇ ಇನ್ನೂ ಹೆಚ್ಚು ಉರಿಯುತ್ತದೆ. ‘ಅಮ್ಮಾಯಿ, ನನ್ನ ಬದಲು ನೀನು ಹೊತ್ತುಕೋ’ ಎಂದು ಒಂದು ಮಾತು ಕೇಳಿದ್ದರೆ, ಆ ವಯಸ್ಸಿನಲ್ಲಿ, ಆ ಪ್ರೀತಿಯಲ್ಲಿ, ನಾನು ಹೊತ್ತುಕೊಳ್ಳುತ್ತಿದ್ದೆನೋ ಏನೋ. ಅವಳು ಕೇಳಲಿಲ್ಲ. ಕೇಳದೆ ತೆಗೆದುಕೊಂಡಳು. ಇದನ್ನೆಲ್ಲ ಅವಳ ಮುಖಕ್ಕೆ ಹೇಳಬೇಕಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೋಗಿ ತಟ್ಟೆಯ ಮುಂದೆ ಕೂತೆ. ಅವಳು ಬಡಿಸಿದಳು, ನಾನು ಉಂಡೆ. ಅವಳ ಮೇಲಿನ ಸಿಟ್ಟು ಒಂದೊಂದು ದಿನ ತಗ್ಗುತ್ತದೆ, ಹಾಗೆ ಉಂಡ ನನ್ನ ಮೇಲಿನದು ತಗ್ಗಿಲ್ಲ.

ಉಳಿದ ದಿನಗಳ ಕೂಲಿಗಾಗಿ ಅದೇ ಕೋಣೆಯಲ್ಲಿದ್ದು, ತಿಂಗಳ ಕೊನೆಗೆ ಮಧುಗಿರಿಗೆ ಬಂದು ಸಿರಾ ಬಸ್ಸು ಹತ್ತಿದೆ. ಮಧ್ಯಾಹ್ನ ಹಟ್ಟಿ ಸೇರಿದೆ. ಅಪ್ಪ ಬೇಲಿಯ ಪಕ್ಕ ಕೂತು ಕುರಿಮರಿಯ ಕಾಲಿನ ಮುಳ್ಳು ಕೀಳುತ್ತಿದ್ದ. ನನ್ನ ಕೈಯ ಟ್ರಂಕು ನೋಡಿದವನೇ ಎಲ್ಲ ತಿಳಿದುಕೊಂಡ. ಮರಿಯನ್ನು ಬಿಟ್ಟು, ಕೈ ಒರೆಸಿಕೊಂಡು ಪಕ್ಕದಲ್ಲಿ ಜಾಗ ಮಾಡಿದ.

“ಏನಾತವ್ವ?”

ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡಿದ್ದೆ. ಒಬ್ಬಳನ್ನು ಒಡಹುಟ್ಟಿದವಳಿಗಿಂತ ಹೆಚ್ಚು ನಂಬಿದೆ, ಅವಳು ನನ್ನನ್ನು ನಡುನೀರಿನಲ್ಲಿ ಬಿಟ್ಟಳು ಎಂದು. ಆದರೆ ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳುವುದು ಸುಲಭವಾಗಿತ್ತು, ಅಪ್ಪನ ಮುಂದೆ ಮೋಸ ಹೋದ ಪೆದ್ದಿಯಾಗುವುದು ಆಗಲಿಲ್ಲ.

“ನಾನ್ ಮಾಡಿದ್ ಪೆಟ್ಗೆ ಸರಿ ಇರ್ಲಿಲ್ಲ ಕಣಪ್ಪ. ಮೊಟ್ಟೆ ಎಲ್ಲ ಸತ್ತೋದ್ವು. ತೆಗ್ದಾಕುದ್ರು.”

ಅಪ್ಪ ಬೀಡಿ ತೆಗೆದು, ಹಚ್ಚದೆ ಬೆರಳಲ್ಲಿ ಹೊರಳಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಿನ್ ಜತೇಲಿದ್ಲಲ್ಲ ಆ ಪಾವಗಡದವ್ಳು, ಅಕ್ಕ ಅಕ್ಕ ಅಂತಿದ್ಯಲ್ಲ. ಆವಮ್ಮನಾದ್ರೂ ನಿನ್ ಕಡೆಗೆ ಒಂದ್ ಮಾತು ಆಡ್ಲಿಲ್ವಾ?”

“ಆಡಿದ್ಲು ಕಣಪ್ಪ. ನನ್ ಕಡೆಗೇ ಮಾತಾಡಿದ್ಲು. ಅವ್ರೇ ಕೇಳ್ಲಿಲ್ಲ.”

“ಪಾಪ, ಒಳ್ಳೇವ್ಳು” ಎಂದ ಅಪ್ಪ. “ಲಗ್ನಕ್ಕೆ ಮರೀದಂಗೆ ಕರೀಬೇಕು ಆವಮ್ಮನ್ನ.”

ಯುಗಾದಿ ಕಳೆದ ಮೇಲೆ ಲಗ್ನಪತ್ರಿಕೆ ಅಚ್ಚಾಗಿ ಬಂತು. ಹಟ್ಟಿಯಲ್ಲಿ ದುಂಡಗೆ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ, ವಿಳಾಸಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸಿದರು. ಅಪ್ಪ ಎದುರಿಗೆ ಕೂತು ಒಬ್ಬೊಬ್ಬರ ಹೆಸರು ಹೇಳುತ್ತ ಹೋದ. ಅಕ್ಕನದು ಮೊದಲನೆಯದಾಗಿತ್ತು.